ಗೋವಿನಕೋವಿಯ ಕೆಂಚವ್ವ

ಈ ರಗಳೆಗೆಲ್ಲ ಕಾರಣ ಒಂದೇ ಒಂದು ಸಾಲು. 'ಇಲ್ಲಿಯ ಪಾತ್ರಗಳೂ ಘಟನೆಗಳೂ ಬರೀ ಕಲ್ಪನೆ' ಎಂದು ಇನ್ನಾಸಪ್ಪ ಮೇಷ್ಟ್ರು ತಮ್ಮ ಕಾದಂಬರಿಯ ಮೊದಲ ಪುಟಕ್ಕೆ ಬರೆದುಕೊಟ್ಟಿದ್ದರು. ಪ್ರೆಸ್ಸಿನವನು ಆ ಜಾಗದಲ್ಲಿ 'ನಮ್ಮಲ್ಲಿ ಮದುವೆ ಪತ್ರಿಕೆಗಳನ್ನು ಅಂದವಾಗಿ ಮುದ್ರಿಸಿಕೊಡಲಾಗುವುದು' ಎಂದು ಹಾಕಿಕೊಂಡಿದ್ದ.

ಮೇಷ್ಟ್ರು ನ್ಯಾಮತಿಯವರು. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಊರಿನ ನಾಲ್ಕಾರು ಕ್ರೈಸ್ತರ ಮನೆಗಳಲ್ಲಿ ಅವರದೂ ಒಂದು. ಹನ್ನೆರಡು ವರ್ಷ ಬಿಸಿಲಲ್ಲಿ ಶಾಸನದ ಕಲ್ಲುಗಳನ್ನು ತೊಳೆದು, ಓದಿ, ಹೊಳೆಸಾಲಿನ ಊರುಗಳ ಚರಿತ್ರೆ ಬರೆದಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನು ಓದಿದವರೂ ಇರಲಿಲ್ಲ. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಸುಮ್ಮನೆ ಕೂತು 'ಕಣದ ಕೆಂಚವ್ವ' ಎಂಬ ಕಾದಂಬರಿ ಬರೆದರು. ಹೊಳೆಸಾಲಿನ ಗೋವಿನಕೋವಿ ಎಂಬ ಊರಿನ ಕಣವನ್ನು ಲೂಟಿ ಮಾಡಲು ಬಂದ ಮೂವತ್ತು ಕುದುರೆ ಸವಾರರನ್ನು ಕೆಂಚವ್ವ ಎಂಬ ಹೆಣ್ಣುಮಗಳು ಗಾಳಿ ಬೀಸುವ ದಿಕ್ಕು ನೋಡಿ, ಮೊರದಲ್ಲಿ ಖಾರದಪುಡಿ ತೂರಿ ಓಡಿಸಿದ ಕತೆ. ಅದನ್ನು ಓದದವರೇ ಉಳಿಯಲಿಲ್ಲ.

ಈಗ ಗೋವಿನಕೋವಿಯವರು ಕೆಂಚವ್ವನ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸಲು ಹೊರಟಿದ್ದರು. ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನ ಹೇಳಲು ಮೇಷ್ಟ್ರೇ ಬರಬೇಕಂತೆ.

ಮೇಷ್ಟ್ರಿಗೆ ಅನ್ನ ರುಚಿಸದಾಯಿತು. ಭಾನುವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಚರ್ಚಿನ ಫಾದರ್ ಬಳಿ ನಿಂತು ಎಲ್ಲ ಹೇಳಿಕೊಂಡರು. ಫಾದರ್ ಗಡ್ಡ ಸವರಿಕೊಂಡು, "ಕತೆ ಬರೆದದ್ದು ಪಾಪ ಅಲ್ಲ ಮೇಷ್ಟ್ರೇ. ಆದರೆ ಜನ ಅದನ್ನ ನಿಜ ಅಂತ ನಂಬಿ ಹಾರ ಹಾಕೋವಾಗ ಸುಮ್ಮನೆ ಕತ್ತು ಬಗ್ಗಿಸಿದರೆ, ಆಗ ಪಾಪ ಒಪ್ಪಿಕೊಳ್ಳೋಕೆ ನೀವು ನನ್ನ ಹತ್ತಿರ ಮತ್ತೆ ಬರಬೇಕಾಗುತ್ತೆ" ಎಂದರು.

ಹೆಂಡತಿ ಲೂರ್ದಮ್ಮನ ಸಲಹೆ ಬೇರೆ ಥರ ಇತ್ತು. "ಅಲ್ಲಿ ಹೋಗಿ ಜಾಸ್ತಿ ಮಾತಾಡ್ಬೇಡ್ರಿ. ಹಾರ ಹಾಕಿದ್ರೆ ಹಾಕಿಸ್ಕೊಳ್ರಿ, ಊಟಕ್ಕೆ ಕರದ್ರೆ ಉಂಡು ಬರ್ರಿ."

ಮೇಷ್ಟ್ರು ಫಾದರ್ ಮಾತನ್ನೇ ಗಟ್ಟಿಮಾಡಿಕೊಂಡು ಬಸ್ ಹತ್ತಿದರು.

ಬಸ್ಸಿಳಿದ ಕೂಡಲೇ ಅಡಿಕೆ ವ್ಯಾಪಾರದ ಮುರುಗೇಶಪ್ಪ ಅವರ ಬಲಗೈ ಹಿಡಿದ, ಜಮೀನುದಾರ ಮೂಕಪ್ಪ ಎಡಗೈ ಹಿಡಿದ. ಮೂಕಪ್ಪನಿಗೆ ಹೆಸರೊಂದು ಬಿಟ್ಟರೆ ಮೂಕತನದ ಸೋಂಕೂ ಇರಲಿಲ್ಲ. ಕೆಂಚವ್ವ ತಮ್ಮ ವಂಶದವಳೆಂದು ಇಬ್ಬರ ವಾದ. ಇಬ್ಬರಿಗೂ ಕಲ್ಲು ತಮ್ಮ ತಮ್ಮ ಮನೆ ಮುಂದೆಯೇ ಬೇಕು. ಎರಡು ಎಮ್ಮೆಗಳ ನಡುವಿನ ಹುಲ್ಲಿನ ಹೊರೆಯಂತೆ ಮೇಷ್ಟ್ರು ಸ್ವಲ್ಪ ಹೊತ್ತು ಅತ್ತಿತ್ತ ಓಲಾಡಿದರು. ಕೊನೆಗೆ ಬಲಗೈ ಗೆದ್ದಿತು.

ಮುರುಗೇಶಪ್ಪನ ಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಒಂದು ಮೊರವನ್ನು ಬಿಚ್ಚಿ ತೋರಿಸಿದರು.

"ಇದೇ ನೋಡ್ರಿ, ಅವ್ವ ಖಾರ ತೂರಿದ ಮೊರ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಅಂಚಿಗೆ ಪ್ಲಾಸ್ಟಿಕ್ ದಾರ ಐತಲ್ಲ ಮುರುಗೇಶಪ್ಪನೋರೇ?"

"ದಾರ ನಾವು ಆಮ್ಯಾಲೆ ಕಟ್ಸಿದ್ದು."

"ಸ್ಟೀಲ್ ಅಂಗಡಿ ಹೆಸರೂ ಐತೆ."

"ಅದೂ ಆಮ್ಯಾಲೆ ಬರ್ಸಿದ್ದು. ಇನ್ನೊಂದು ಹೋಳಿಗೆ ಹಾಕಿಸ್ಕೊಳ್ರಿ."

ಐದು ಹೋಳಿಗೆ ಇಳಿದ ಹೊಟ್ಟೆಯನ್ನು ಹೊತ್ತುಕೊಂಡು ಮೂಕಪ್ಪನ ಮನೆಗೆ ಹೋದರೆ ಅಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಾದಿದ್ದವು. ಮೂಕಪ್ಪ ತಟ್ಟೆಯ ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಲಾಳ ಇಟ್ಟ. "ನಮ್ಮ ಹೊಲ ಉಳುವಾಗ ಸಿಕ್ತು. ಮೂವತ್ತು ಕುದ್ರೇಲಿ ಒಂದರದು."

"ಇದು ಎತ್ತಿನ ಲಾಳ ಮೂಕಪ್ಪ. ಕುದುರೇದು ದುಂಡಗೆ ಇರುತ್ತೆ, ಇದು ಅರ್ಧ ಐತೆ."

"ಖಾರ ಬಿದ್ದ ಕಣ್ಣಲ್ಲಿ ಓಡೋ ರಭಸಕ್ಕೆ ಅರ್ಧ ಆಗದೆ ಇನ್ನೇನಾಗ್ತತಿ?"

ಇಷ್ಟು ವರ್ಷ ಮಕ್ಕಳಿಗೆ ಸಾಕ್ಷ್ಯ, ಆಧಾರ ಎಂದು ಬಾಯಿ ಒಣಗಿಸಿಕೊಂಡ ಮೇಷ್ಟ್ರಿಗೆ ಮೈಯೆಲ್ಲ ಬೆವರಿತು. ಬಜ್ಜಿಯ ಖಾರವೂ ಅದಕ್ಕೆ ಕೈಜೋಡಿಸಿತು.

ಮಧ್ಯಾಹ್ನ ಶಾಲೆಯ ಬಯಲಿನಲ್ಲಿ ಸಭೆ ಸೇರಿತು. ಹೊಸ ಕಲ್ಲನ್ನು ಬೇವಿನ ಮರಕ್ಕೆ ಒರಗಿಸಿಟ್ಟಿದ್ದರು. ಅದರ ಕೆಳಗಡೆ 'ಈ ವೀರಮಾತೆಯ ಇತಿಹಾಸ ಶೋಧಿಸಿದವರು: ಇನ್ನಾಸಪ್ಪ ಮೇಷ್ಟ್ರು' ಎಂದು ಬಣ್ಣದಲ್ಲಿ ಬರೆದಿತ್ತು, ಕೆತ್ತುವುದಷ್ಟೇ ಬಾಕಿ. ತಮ್ಮ ಹೆಸರನ್ನು ಕಂಡು ಮೇಷ್ಟ್ರ ಎದೆ ಒಮ್ಮೆ ಹಿಗ್ಗಿದ್ದು ನಿಜ. ಹನ್ನೆರಡು ವರ್ಷ ತೊಳೆದ ಕಲ್ಲುಗಳಲ್ಲಿ ಒಂದರ ಮೇಲೂ ಆ ಹೆಸರು ಇರಲಿಲ್ಲ. ಹಾರ ಹತ್ತಿರ ಬಂದಾಗ ಫಾದರ್ ಗಡ್ಡ ನೆನಪಾಯಿತು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ಎಲ್ಲರೂ ಕ್ಷಮಿಸಬೇಕು. ಕೆಂಚವ್ವ ಅನ್ನೋಳು ಇರಲೇ ಇಲ್ಲ. ಅವಳನ್ನ ನಾನೇ ಕಲ್ಪಿಸಿ ಬರೆದದ್ದು. ನಿಮ್ಮೂರಿನ ಹೆಸರು ಕೇಳಾಕೆ ಚೆನ್ನಾಗಿತ್ತು ಅಂತ ಹಾಕ್ಕೊಂಡೆ, ಅಷ್ಟೇ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೆಲ್ಲಗೆ ನಗು ಹರಡಿತು.

"ದೊಡ್ಡೋರು ಯಾವಾಗ್ಲೂ ಹಿಂಗೇ, ತಮ್ಮ ಕೆಲ್ಸ ತಾವೇ ಕಡಿಮೆ ಮಾಡ್ಕೊತಾರೆ" ಎಂದ ಮುರುಗೇಶಪ್ಪ.

"ನಿಮಗೆ ಗೊತ್ತಿಲ್ಲ ಮೇಷ್ಟ್ರೇ, ನೀವು ಬರ್ದಿದ್ದೀರಿ ಅಷ್ಟೇ" ಎಂದ ಮೂಕಪ್ಪ.

ಮೇಷ್ಟ್ರು ಶಿಲುಬೆಯ ಗುರುತು ಹಾಕಿಕೊಂಡು ಪ್ರಮಾಣ ಮಾಡಿದರು. ಮೂವತ್ತು ಸವಾರರೂ ಸುಳ್ಳು, ಮೊರವೂ ಸುಳ್ಳು, ಖಾರದಪುಡಿಯೂ ಸುಳ್ಳು, ಎಲ್ಲ ತಮ್ಮ ತಲೆಯಿಂದಲೇ ಹುಟ್ಟಿದ್ದು ಎಂದರು. ಈ ಸಲ ಯಾರೂ ನಗಲಿಲ್ಲ. ಬೆಳಗಿನಿಂದ ಕಚ್ಚಾಡುತ್ತಿದ್ದ ಮುರುಗೇಶಪ್ಪ ಮತ್ತು ಮೂಕಪ್ಪ ಪಕ್ಕ ಪಕ್ಕ ನಿಂತರು.

"ಇನ್ನೂರು ಪುಟ ಸುಳ್ಳು ಬರ್ದೋರು ಈಗ ನಿಜ ಹೇಳ್ತಾರೆ ಅಂತ ಹೆಂಗೆ ನಂಬೋದು?" ಎಂದು ಮೂಕಪ್ಪ ಸಭೆಯನ್ನು ಕೇಳಿದ.

ಆಗ ಹೆಂಗಸರ ಸಾಲಿನಿಂದ ಬಂಗಾರಮ್ಮ ಕೋಲೂರಿಕೊಂಡು ಎದ್ದು ಬಂದಳು. ಊರಿಗೇ ಹಿರಿಯಳು, ತೊಂಬತ್ತು ದಾಟಿತ್ತು. ಮೇಷ್ಟ್ರ ಮುಖಕ್ಕೆ ಮುಖ ತಂದು ನೋಡಿದಳು.

"ನೀವು ಲೂರ್ದಮ್ಮ ನರ್ಸಮ್ಮನ ಯಜಮಾನ್ರಲ್ಲೇನ್ರಿ?"

ಮೇಷ್ಟ್ರು ತಲೆಯಾಡಿಸಿದರು. ಲೂರ್ದಮ್ಮ ಮದುವೆಗೆ ಮುಂಚೆ ನರ್ಸಾಗಿ ಹೊಳೆಸಾಲಿನ ಊರುಗಳಲ್ಲಿ ಇದ್ದದ್ದು ಅವರಿಗೆ ಗೊತ್ತಿತ್ತು. ಯಾವ ಊರು ಎಂದು ಹೊಳೆಸಾಲಿನ ಚರಿತ್ರೆ ಬರೆದವರು ಯಾವತ್ತೂ ಕೇಳಿರಲಿಲ್ಲ.

"ಎರಡು ವರ್ಷ ನಮ್ಮನ್ಯಾಗೇ ಇದ್ಲು ಆಯಮ್ಮ. ಖಾರ ಕುಟ್ಟುವಾಗ ನಾನೇ ಹೇಳಿದ್ದೆ ಕೆಂಚವ್ವನ ಕತಿ. ಕೆಂಚವ್ವ ಅಂದ್ರೆ ನಮ್ಮತ್ತೆಗೆ ಅತ್ತೆ ಆಗಬೇಕು. ಮೂವತ್ತು ಕುದ್ರೆ ಎಲ್ಲಿಂದ ತಂದ್ರೋ ನೀವು. ಬಂದಿದ್ದು ಒಬ್ನೇ ಕಳ್ಳ. ಒಂದೇ ಕುದ್ರೆ, ಅದೂ ಕುಂಟು."

ಮೇಷ್ಟ್ರು ಬೆಂಚಿನ ಮೇಲೆ ಕೂತರು. ಮದುವೆಯಾದ ಹೊಸದರಲ್ಲಿ ಅವರು ಉತ್ತರ ಪತ್ರಿಕೆ ತಿದ್ದುತ್ತಿದ್ದರೆ ಲೂರ್ದಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಏನೇನೋ ಹೇಳುತ್ತಿದ್ದಳು. ಅವರು ಹೂಂ ಎನ್ನುತ್ತಿದ್ದರು. ಆ ಹೂಂಗಳ ನಡುವೆ ಎಲ್ಲೋ ಒಂದು ಮೊರ, ಒಂದು ಹಿಡಿ ಖಾರ ಇದ್ದದ್ದು ಈಗ ಮಬ್ಬಾಗಿ ನೆನಪಾಯಿತು. ಕೈಯಲ್ಲಿದ್ದ ನಿಜವಾದ ಇತಿಹಾಸವನ್ನು ಅವರ ಚರಿತ್ರೆ ಬಿಟ್ಟಿತ್ತು. ಕಾದಂಬರಿಗೆ ತಾವು ಕಲ್ಪಿಸಿದ್ದೆಂದರೆ ಇಪ್ಪತ್ತೊಂಬತ್ತು ಕುದುರೆ ಮಾತ್ರ. ಸಾಲದ್ದಕ್ಕೆ ಸತ್ಯ ಹೇಳಲು ಬಂದು, ಶಿಲುಬೆಯ ಗುರುತು ಹಾಕಿಕೊಂಡು, ತುಂಬಿದ ಸಭೆಯಲ್ಲಿ ಸುಳ್ಳು ಹೇಳಿದ್ದಾಗಿತ್ತು.

ಮುರುಗೇಶಪ್ಪ ಅವರ ಭುಜ ತಟ್ಟಿದ. "ಹೋಗ್ಲಿ ಬಿಡ್ರಿ ಮೇಷ್ಟ್ರೇ. ಹೆಂಡ್ತಿ ಹೇಳಿದ್ದನ್ನ ನಂದೇ ಅಂತ ಹೇಳೋದು ನಾವೆಲ್ಲ ಮಾಡೋದೇ."

ಕಲ್ಲು ಬಂಗಾರಮ್ಮನ ಮನೆ ಮುಂದೆ ಎಂದು ತೀರ್ಮಾನವಾಯಿತು. ಬಣ್ಣದವನು ಒದ್ದೆ ಬಟ್ಟೆ ತಂದು ಕೊನೆಯ ಸಾಲನ್ನು ಒರೆಸತೊಡಗಿದ. ಹಾರವನ್ನು ಮಡಚಿ ಚೀಲಕ್ಕೆ ಹಾಕಿ, "ನರ್ಸಮ್ಮಗೆ ಕೊಡ್ರಿ" ಎಂದು ಮೇಷ್ಟ್ರ ಕೈಗಿತ್ತರು.

ಸಂಜೆ ಮನೆ ಸೇರಿದಾಗ ಲೂರ್ದಮ್ಮ ಬಾಗಿಲಲ್ಲೇ ಇದ್ದಳು. ಬಂಗಾರಮ್ಮನ ಫೋನು ಆಗಲೇ ಬಂದುಹೋಗಿತ್ತು.

"ಅದು ನೀನು ಹೇಳಿದ ಕತೆ ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದರು ಮೇಷ್ಟ್ರು.

"ಮೊದಲನೇ ಪುಟ ಓದಿದಾಗಲೇ ಗೊತ್ತಾತು."

"ಮತ್ತೆ ಯಾಕೆ ಹೇಳಲಿಲ್ಲ?"

"ಆ ಬೇಸಿಗೆಯೆಲ್ಲ ಬರೀತಾ ಬರೀತಾ ಒಬ್ರೇ ನಗ್ತಿದ್ರಿ. ನಾನು ಹೇಳಿದ್ದನ್ನ ಅಷ್ಟಾದ್ರೂ ಕೇಳಿಸ್ಕೊಂಡಿದ್ದೀರಲ್ಲ ಅಂತ ನಂಗೂ ಖುಷಿಯಾತು" ಎಂದು ಲೂರ್ದಮ್ಮ ಚೀಲದಿಂದ ಹಾರ ತೆಗೆದು ಮೂಸಿ ನೋಡಿದಳು. "ಮುಂದಿನ ಭಾನುವಾರ ಕಲ್ಲಿಗೆ ಹೂವಿಡಾಕೆ ನನ್ನ ಕರದಿದಾರೆ. ನೀವೂ ಬರ್ರಿ, ಬಸ್ಸಲ್ಲಿ ಬುಟ್ಟಿ ಹಿಡ್ಕೊಳ್ಳಾಕೆ ಒಬ್ರು ಬೇಕು."

"ಹೂಂ" ಎಂದರು ಮೇಷ್ಟ್ರು.