ಹಿಂದೆ ನಿಲ್ಲುವವನ ಭಾನುವಾರ

ವಾಚಣ್ಣನ ಅವಸರವೇ ಇಷ್ಟಕ್ಕೆಲ್ಲ ಕಾರಣ. ಗಡಿಯಾರ ರಿಪೇರಿಗೆ ಕೂತರೆ ಕೂದಲೆಳೆಯಂಥ ಸ್ಪ್ರಿಂಗನ್ನೂ ಉಸಿರು ಬಿಗಿಹಿಡಿದು ಕೂರಿಸುವ ಮನುಷ್ಯ, ಫೋನ್ ಹಿಡಿದು ಆಟಕ್ಕೆ ಕೂತರೆ ಮಾತ್ರ ಕಾಲಡಿ ಕೆಂಡ ಬಿದ್ದವರ ಹಾಗೆ ಆಡುತ್ತಿದ್ದ.

ಆಟ ಹೀಗೆ ನೋಡಿ. ಐದು ಜನರ ತಂಡ. ಒಬ್ಬರ ಮುಖ ಒಬ್ಬರು ಕಂಡವರಲ್ಲ; ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಫೋನಿನೊಳಗಿನ ಗುಹೆಯ ಬಾಗಿಲಲ್ಲಿ ಸೇರುತ್ತಾರೆ. ಬಂಡೆ ಎಂದು ಹೆಸರಿಟ್ಟುಕೊಂಡವನು ಗುರಾಣಿ ಹಿಡಿದು ಮುಂದೆ ನಿಂತು, ಬೆಂಕಿಯುಗುಳುವ ಡ್ರ್ಯಾಗನ್ನಿನ ಕೋಪವನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳಬೇಕು. ಮೂವರು ಪಕ್ಕದಿಂದ ಹೊಡೆಯಬೇಕು. ವಾಚಣ್ಣ ಎಲ್ಲರಿಗಿಂತ ಹಿಂದೆ ನಿಂತು, ಹಸಿರು ಗುಂಡಿ ಒತ್ತಿ, ಏಟು ತಿಂದವರಿಗೆ ಜೀವ ತುಂಬಬೇಕು. ಒಂದೇ ನಿಯಮ: ಡ್ರ್ಯಾಗನ್ನಿನ ಕೋಪ ಗುರಾಣಿಯವನ ಮೇಲೆ ಗಟ್ಟಿಯಾಗಿ ಕೂರುವ ಮುಂಚೆ ಜೀವ ತುಂಬಿದರೆ, ಆ ಕೋಪ ತುಂಬಿದವನ ಮೇಲೇ ತಿರುಗುತ್ತದೆ.

ಇದು ವಾಚಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಂಡೆಗೆ ಸಣ್ಣ ಗೀರು ಬಿದ್ದರೂ ಇವನ ಕರುಳು ಚುರುಕ್ಕೆನ್ನುತ್ತಿತ್ತು, ಹೆಬ್ಬೆರಳು ಗುಂಡಿ ಒತ್ತಿ ಆಗಿರುತ್ತಿತ್ತು. ಆರು ಭಾನುವಾರವೂ ಡ್ರ್ಯಾಗನ್ ತಿರುಗಿ ಮೊದಲು ಇವನನ್ನು ಸುಟ್ಟು, ಆಮೇಲೆ ಉಳಿದ ನಾಲ್ವರನ್ನು ಸಾವಕಾಶವಾಗಿ ಮುಗಿಸಿತ್ತು. "ಇನ್ನೊಂದೇ ಒಂದು ವಾರ. ಆಮೇಲೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀವಿ," ಎಂದು ಬಂಡೆ ಬರೆದಿದ್ದ.

ಆ ಆರನೆಯ ಆಟದ ಬಿಸಿಯಲ್ಲಿ ವಾಚಣ್ಣ ಫೋನಿನೊಳಗಿನ ತಂಡದವರಿಗೆ, "ಹಿಂದಕ್ಕೆ ಬನ್ನಿ, ಸತ್ತೋಗ್ತೀರಿ!" ಎಂದು ಕಿಟಕಿ ನಡುಗುವ ಹಾಗೆ ಕೂಗಿದ್ದ. ಅದೇ ಹೊತ್ತಿಗೆ ಮನೆ ಓನರಮ್ಮ ಒಗೆದ ಬಟ್ಟೆಯ ಬಕೆಟ್ ಹಿಡಿದು ಹೊರಗಿನ ಮೆಟ್ಟಿಲು ಹತ್ತುತ್ತಿದ್ದರು. ಪಾಪ, ಹೇಳಿದ ಮಾತು ಕೇಳಿ ಹಿಂದಕ್ಕೆ ಕಾಲಿಟ್ಟರು. ಅವರು ಮೆಟ್ಟಿಲ ಮೇಲೇ ಕುಕ್ಕರಿಸಿದರು, ಬಕೆಟ್ ಮಾತ್ರ ಬೀದಿಯವರೆಗೂ ಹೋಯಿತು.

ಇಡೀ ಕಟ್ಟಡಕ್ಕೆ ಇದ್ದದ್ದು ಓನರಮ್ಮನ ಹೆಸರಿನ ಒಂದೇ ಇಂಟರ್ನೆಟ್ ಲೈನು. ಏಳನೆಯ ಭಾನುವಾರ ಬೆಳಿಗ್ಗೆ ಅವರಿಂದ ಸುದ್ದಿ ಬಂತು: "ಸೊಂಟ ನೆಟ್ಟಗಾಗಿದೆ. ಮೂರೂವರೆಗೆ ಬಂದು ಲೈನ್ ಕತ್ತರಿಸ್ತೀನಿ."

ಅಕ್ಕಪಕ್ಕದವರಿಗೂ ತಲೆಬಿಸಿ. ಎದುರು ಕೋಣೆಯ ನಿವೃತ್ತ ಡ್ರಿಲ್ ಮೇಷ್ಟ್ರು ಆ ಲೈನಿನಲ್ಲೇ ದಿನಾ ಮೊಮ್ಮಗಳ ಮುಖ ನೋಡುತ್ತಿದ್ದರು. ಕೆಳಗಿನ ಟೈಲರಕ್ಕ ಅದರಲ್ಲೇ ಹೊಸ ನಮೂನೆ ಹುಡುಕಿ ಬಟ್ಟೆ ಕತ್ತರಿಸುತ್ತಿದ್ದಳು. ಇಬ್ಬರೂ ವಾಚಣ್ಣನ ಕೋಣೆಗೆ ನುಗ್ಗಿದರು.

"ಮಾಡಿದ್ದು ನೀನು, ಅನುಭವಿಸೋದು ನಾವಾ?" ಎಂದಳು ಟೈಲರಕ್ಕ.

ವಾಚಣ್ಣನಿಗೆ ಗೊತ್ತಿದ್ದ ಯುದ್ಧತಂತ್ರ ಒಂದೇ. "ಮೇಷ್ಟ್ರೇ, ನಿಮ್ಮದು ಭಾರೀ ಗಂಟಲು, ಭಾರೀ ಮೈ. ನೀವು ಮುಂದೆ ನಿಂತು ಬೈಗುಳ ಎಲ್ಲ ತಗೊಳ್ಳಿ. ಅಕ್ಕ, ನೀನು ಪಕ್ಕದಿಂದ ಒಂದೊಂದೇ ನ್ಯಾಯದ ಮಾತು ಬಿಡ್ತಾ ಇರು. ನಾನು ಹಿಂದೆ ನೀರಿನ ಲೋಟ ಹಿಡ್ಕೊಂಡು ನಿಂತಿರ್ತೀನಿ. ಮೇಷ್ಟ್ರು ಸುಸ್ತಾದಾಗ ಕೊಡ್ತೀನಿ."

"ನೀನ್ಯಾಕೆ ಹಿಂದೆ?"

"ಹಿಂದೆ ನಿಂತೋನು ಹೋದ್ರೆ ಎಲ್ಲರೂ ಹೋದ ಹಾಗೆ ಅಕ್ಕ. ಅದು ಲೆಕ್ಕ."

ಮೇಷ್ಟ್ರು ಎದೆ ಸೆಟೆಸಿದರು. "ಮೂವತ್ತು ವರ್ಷ ಬಿಸಿಲಲ್ಲಿ ನಿಂತೋನಪ್ಪ ನಾನು. ನಿಲ್ಲೋ ಕೆಲಸ ನಂಗೆ ಬಿಡು."

ಮೂರೂವರೆಗೆ ಓನರಮ್ಮ ಕತ್ತರಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೇಷ್ಟ್ರು ಅಡ್ಡ ನಿಂತರು.

"ನಿಮ್ಮ ವಯಸ್ಸಿಗೆ ನಾಚಿಕೆ ಆಗಲ್ವಾ ಮೇಷ್ಟ್ರೇ?" ಎಂದರು ಓನರಮ್ಮ.

ಅದಿನ್ನೂ ಮೊದಲನೆಯ ಮಾತು. ಮೇಷ್ಟ್ರ ಮೀಸೆ ಒಂಚೂರು ಅದುರಿತು, ಅಷ್ಟೇ. ವಾಚಣ್ಣನ ಕರುಳು ಚುರುಕ್ಕೆಂದಿತು. ಲೋಟ ಚಾಚಿಕೊಂಡು ಮುಂದೆ ನುಗ್ಗಿಯೇಬಿಟ್ಟ. "ಮೇಷ್ಟ್ರು ಏನೂ ಮಾಡಿಲ್ಲಮ್ಮ, ಪಾಪ. ನೀರು ಕುಡೀರಿ ಮೇಷ್ಟ್ರೇ."

ಓನರಮ್ಮನ ಕತ್ತು ನಿಧಾನವಾಗಿ ಇವನತ್ತ ತಿರುಗಿತು. ಹಾಗೆ ತಿರುಗುವ ಕತ್ತನ್ನು ವಾಚಣ್ಣ ಆರು ಭಾನುವಾರ ನೋಡಿದ್ದ.

"ಓಹೋ. ಕೂಗಿದ್ದು ನೀನು, ಮುಂದೆ ನಿಲ್ಲಿಸಿರೋದು ವಯಸ್ಸಾದೋರನ್ನ?"

ಟೈಲರಕ್ಕನಿಗೆ ಇಸ್ತ್ರಿಪೆಟ್ಟಿಗೆ ಆರಿಸಿಲ್ಲವೆಂದು ನೆನಪಾಯಿತು. ಮೇಷ್ಟ್ರಿಗೆ ಮಂಡಿನೋವು ನೆನಪಾಯಿತು. ಅವರು ಜಾಗ ಖಾಲಿ ಮಾಡುವಾಗ ವಾಚಣ್ಣ ಬೆನ್ನ ಹಿಂದಿನಿಂದಲೇ ಫೋನನ್ನು ಅವರ ಕೈಗೆ ತುರುಕಿ ಪಿಸುಗುಟ್ಟಿದ: "ನಾಲ್ಕಕ್ಕೆ ಆಟ ಶುರು. ಬಂಡೆಗೆ ಏಟು ಬಿದ್ರೆ ಹಸಿರು ಗುಂಡಿ ಒತ್ತಿ ಮೇಷ್ಟ್ರೇ, ಅಷ್ಟೇ."

ಓನರಮ್ಮ ಮೆಟ್ಟಿಲ ಮೇಲೆ ಕೂತು ಶುರುಮಾಡಿದರು. ಮಾತು ಬಕೆಟ್ಟಿನಿಂದ ಹೊರಟು ಸೋರುವ ನಲ್ಲಿಗೆ ಬಂತು, ನಲ್ಲಿಯಿಂದ ಸೊಸೆಗೆ, ಸೊಸೆಯಿಂದ ಅರ್ಧ ಮಾತಿಗೇ ಫೋನ್ ಇಡುವ ಮಗನಿಗೆ, ಕೊನೆಗೆ ತೀರಿಹೋದ ಯಜಮಾನರಿಗೆ. ಅವರಂತೂ ಪೂರ್ತಿ ಕೇಳಿಸಿಕೊಳ್ಳದೆಯೇ ಹೊರಟುಹೋಗಿದ್ದರಂತೆ. ವಾಚಣ್ಣ ತಲೆ ತಗ್ಗಿಸಿ, ಲೋಟ ಹಿಡಿದು ನಿಂತೇ ಇದ್ದ. ನಾಲ್ಕು ಹೊಡೆಯಿತು, ಐದೂ ಹೊಡೆಯಿತು. ಕೇಳುತ್ತ ಕೇಳುತ್ತ ಅವನಿಗೆ ಆ ಹೆಂಗಸಿನ ಮೇಲೆ ನಿಜಕ್ಕೂ ಮರುಕ ಹುಟ್ಟಿತು.

ಐದೂವರೆಗೆ ಓನರಮ್ಮ ಆ ಲೋಟದ ನೀರನ್ನು ತಾವೇ ಕುಡಿದು ಕಣ್ಣೊರೆಸಿಕೊಂಡರು. "ಎರಡು ಗಂಟೆ ಕಾಲ ಒಂದು ಅಡ್ಡಮಾತು ಆಡ್ಲಿಲ್ಲ ನೀನು. ಹೆತ್ತ ಮಗನೂ ಐದು ನಿಮಿಷ ಕೇಳಲ್ಲಪ್ಪ. ಮನಸ್ಸು ಹಗುರ ಆಯ್ತು. ನಿನ್ನ ಉಪಕಾರ ಮರೆಯಲ್ಲ." ಕತ್ತರಿ ಚೀಲಕ್ಕೆ ಸೇರಿತು. "ಲೈನ್ ಇರ್ಲಿ. ಮುಂದಿನ ಭಾನುವಾರ ಇದೇ ಹೊತ್ತಿಗೆ ಬರ್ತೀನಿ. ಹೇಳೋದು ಇನ್ನೂ ಅರ್ಧ ಇದೆ."

ವಾಚಣ್ಣ ಎದುರು ಕೋಣೆಗೆ ಓಡಿದ. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಿದ್ದರು. "ತಪ್ಪು ತಿಳ್ಕೋಬೇಡಪ್ಪ. ಕನ್ನಡಕ ಸರಿಮಾಡ್ಕೊಂಡು, ಆ ಗುಂಡಿ ಎಲ್ಲಿದೆ ಅಂತ ಹುಡುಕಿ ಒತ್ತೋ ಹೊತ್ತಿಗೆ ಪ್ರತಿ ಸಲಾನೂ ತಡ ಆಗೋಯ್ತು."

ಫೋನಿನಲ್ಲಿ ಡ್ರ್ಯಾಗನ್ ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದಿತ್ತು. ಕೆಳಗೆ ಬಂಡೆಯ ಬರಹ: "ಅಂತೂ ಇವತ್ತು ಅವಸರ ಮಾಡದೆ ಆಡಿದ್ರಿ. ನಮ್ಮೆಲ್ಲರ ಕಡೆಯಿಂದ ಮನಸಾರೆ ಧನ್ಯವಾದ. ನಿಮ್ಮನ್ನ ಬಿಟ್ಟು ಬೇರೆ ಯಾರೂ ನಮಗೆ ಬೇಡ. ಮುಂದಿನ ವಾರವೂ ಹೀಗೇ ಆಡಿ."

ವಾಚಣ್ಣ ಅದನ್ನು ಎರಡೆರಡು ಸಲ ಓದಿದ. ಆರು ವಾರದಿಂದ ಬಾಯಿಬಿಟ್ಟುಕೊಂಡು ಕಾದಿದ್ದ ಧನ್ಯವಾದ ಅದು.

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣೂ ತೇವವಾಗಿತ್ತು. "ನಮ್ಮೆಲ್ಲರ ಪರವಾಗಿ ಎದುರು ನಿಂತೆ. ಮೊಮ್ಮಗಳ ಮುಖ ಉಳಿಸ್ಕೊಟ್ಟೆ. ಈ ಋಣ ಹೇಗೆ ತೀರಿಸ್ಲಿ ಅಂತಿದ್ದೆ. ಇನ್ಮೇಲೆ ಭಾನುವಾರ ನೀನು ಓನರಮ್ಮನ ಹತ್ರ ನಿಶ್ಚಿಂತೆಯಿಂದ ನಿಂತ್ಕೋ, ಆಟ ನಾನು ನೋಡ್ಕೋತೀನಿ."

ಅಷ್ಟರಲ್ಲಿ ಟೈಲರಕ್ಕ ಮೆತ್ತನೆಯ ಹೊಸ ದಿಂಬೊಂದನ್ನು ಹಿಡಿದು ಬಂದಳು. "ನಿನ್ನಿಂದ ನಮ್ಮ ಲೈನ್ ಉಳೀತು ವಾಚಣ್ಣ. ತಗೋ, ಮುಂದಿನ ವಾರ ಮೆಟ್ಟಿಲ ಮೇಲೆ ಹಾಕು. ಓನರಮ್ಮ ಆರಾಮಾಗಿ ಕೂತ್ಕೊಳ್ಲಿ. ಒಂದೇ ಹೊಲಿದೆ, ನೀನು ಹೇಗೂ ನಿಂತೇ ಇರ್ತೀಯಲ್ಲ."