ಕೆಮ್ಮಣ್ಣಿನ ಪಟ್ಟೆಯೂ ನೆರೆಯ ವಿಮೆಯೂ

ವಿಮೆ ಮಾಡಿಸಿದ ಕಟ್ಟಡದ ಹತ್ತಿರ ಬೆಂಕಿಯಾಗಲಿ ನೀರಾಗಲಿ ಸುಳಿಯುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ! ಚಾಮರಾಜನಗರದ ಅರಿಸಿನದ ಮಂಡಿಯೊಂದರಲ್ಲಿ ನಾನು ಗುಮಾಸ್ತ. ಮಂಡಿಯ ಬಾಗಿಲ ಮೇಲೆ ವಿಮೆ ಕಂಪನಿಯವರು ಒಂದು ತಗಡು ಹೊಡೆದಿದ್ದರು. ಒಮ್ಮೆ ಪಕ್ಕದ ಮಂಡಿಗೆ ಬೆಂಕಿ ಬಿತ್ತು, ನಮ್ಮದು ಉಳಿಯಿತು. ಅವತ್ತಿನಿಂದ ಆ ತಗಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಕಾಲಿಡುತ್ತಿದ್ದೆ. ಅದು ತಾಯತವಲ್ಲ, ಎಲ್ಲ ಸುಟ್ಟು ಬೂದಿಯಾದ ಮೇಲೆ ಪರಿಹಾರ ಕೊಡುವ ಏರ್ಪಾಡು ಎಂದು ಯಜಮಾನರು ನಕ್ಕು ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಅಷ್ಟರಲ್ಲಿ ನಾನು ಅಂಥದೇ ಒಂದು ತಗಡನ್ನು ನಂಬಿ ಮನೆ ಕೊಂಡುಬಿಟ್ಟಿದ್ದೆ!

ಕೆರೆ ಏರಿಯ ಕೆಳಗಿನ ಬೀದಿಯಲ್ಲಿ ಮಣ್ಣುಗೋಡೆಯ, ನಾಡಹೆಂಚಿನ ಮನೆ. ನನ್ನ ಹೆಂಡತಿ ಶಿವರುದ್ರಮ್ಮನಿಗೆ ತವರಿನವರು ಗುಂಡ್ಲುಪೇಟೆಯಲ್ಲಿ ಕೊಟ್ಟಿದ್ದ ತುಂಡು ಹೊಲವನ್ನು ಮಾರಿ ಕೊಂಡದ್ದು. ನಾನು ಮರುಳಾದದ್ದು ಆ ಬೀದಿಯ ಸೊಬಗಿಗೆ. ಬೇರೆ ಕಡೆ ಸುಣ್ಣದ ಗೋಡೆಯ ಬುಡಕ್ಕೆ ಗೇಣುದ್ದ ಕೆಮ್ಮಣ್ಣಿನ ಪಟ್ಟೆ ಬಳಿದರೆ ಹೆಚ್ಚು. ಇಲ್ಲಿ ಸಾಲಾಗಿ ಎಲ್ಲ ಮನೆಗೂ ಎದೆಮಟ್ಟದ ಪಟ್ಟೆ! ಅರಮನೆಯ ಸಾಲಿನಂತೆ! ಎಂಥ ರಸಿಕ ಜನ!

"ಕೊಳ್ಳೋ ಮುಂಚೆ ಹಳಬ್ರನ್ನ ಒಂದ್ಮಾತು ಕೇಳಿ," ಎಂದಿದ್ದಳು ಶಿವರುದ್ರಮ್ಮ.

"ಕೇಳೋದೇನಮ್ಮಿ? ಅರಿಸಿನ ಮೂಸಿ ಅದು ಯಾವ ಊರಿಂದು ಅಂತ ಹೇಳೋನು ನಾನು! ಗೋಡೆ ನೋಡುದ್ರೆ ಮನೆ ಎಂಥದು ಅಂತ ತಿಳಿಯಲ್ವಾ?"

ಹಿಂಗಾರು ಹಿಡಿಯಿತು. ಬಿಳಿಗಿರಿಯ ಕಡೆಯಿಂದ ಕಾರ್ಮೋಡ ಎದ್ದಿತು. ಕೆರೆ ತುಂಬುತ್ತಾ ಬಂತು. ನಮ್ಮ ಹೆಂಚಿಗಿಂತ ಎತ್ತರದಲ್ಲಿ ನೀರು ನಿಂತಿದೆ, ನಡುವೆ ಇರುವುದು ಬರೀ ಮಣ್ಣಿನ ಏರಿ ಎನ್ನುವುದು ಆಗ ಹೊಳೆಯಿತು! ಬೆಳಗ್ಗೆ ಮಂಚದಿಂದ ಕಾಲಿಳಿಸುವ ಮುಂಚೆ ಕೈಯಿಂದ ನೆಲ ತಡವಿ ನೋಡುತ್ತಿದ್ದೆ. ಯಾರಾದರೂ ಕೊಡ ಬಗ್ಗಿಸಿದರೂ ಬೆಚ್ಚಿಬೀಳುತ್ತಿದ್ದೆ. ಕಡೆಗೆ ಘೋಷಿಸಿದೆ: "ಈ ಬೀದೀಲಿ ಯಾರೂ ಮಾಡದ್ದನ್ನ ಮಾಡ್ತೀನಿ! ಮನೆಗೆ ನೆರೆಯ ವಿಮೆ!"

ವಿಮೆಯ ಇನಾಯತ್ ಉಲ್ಲಾ ಸಾಹೇಬರು ಮೈಸೂರಿನ ರೈಲಿನಲ್ಲಿ ಮಂಡಿಗೆ ಬರುತ್ತಿದ್ದವರು. ಸೌಮ್ಯ ಮನುಷ್ಯ. ಅವರು ಬಿಡಿಸಿ ಹೇಳಿದಷ್ಟೂ ನನ್ನ ಭಯ ಹೆಚ್ಚಿತು.

"ಬರೀ ಬೆಂಕಿ ಪಾಲಿಸಿ ತಗೊಂಡ್ರೆ ನೀರಿಗೆ ಏನೂ ಸಿಗಲ್ಲ ಸ್ವಾಮಿ. ನೆರೆ ಅಂತ ಬೇರೆ ಸೇರಿಸ್ಬೇಕು. ಗೋಡೆಗೆ ಒಂದು, ಒಳಗಿನ ಸಾಮಾನಿಗೆ ಇನ್ನೊಂದು."

"ಹೆಂಚು ಸೋರಿದ್ರೆ?"

"ಮೇಲಿಂದ ಬಂದ್ರೆ ಅದು ರಿಪೇರಿ. ಬಾಗಿಲಿಂದ ನುಗ್ಗಿದ್ರೆ ನೆರೆ. ಇನ್ನೊಂದು ಮಾತು. ಹಿಂದೆ ಮೊಣಕಾಲಿಗಿಂತ ಮೇಲೆ ನೀರು ನಿಂತ ಮನೆಗೆ ನಮ್ಮ ಕಂಪನಿ ನೆರೆ ಸೇರಿಸೋದೇ ಇಲ್ಲ. ಸೋಮವಾರ ಬಂದು ನೋಡ್ತೀನಿ."

ಕಂಪನಿಯವರೇ ನೋಡಲು ಬರುತ್ತಾರೆ! ಮನೆಗೆ ಕಳೆ ಬೇಡವೇ? ಭಾನುವಾರ ಕೆಮ್ಮಣ್ಣು ಕಲಸಿ, ಪಂಚೆ ಎತ್ತಿಕಟ್ಟಿ, ಎದೆಮಟ್ಟದ ಪಟ್ಟೆಯನ್ನು ಕತ್ತಿನ ಮಟ್ಟಕ್ಕೆ ಏರಿಸಿದೆ. ಪಕ್ಕದ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದ ಚಿಕ್ಕಮಲ್ಲಮ್ಮಜ್ಜಿಯ ಮೊರ ನಿಂತೇಹೋಯಿತು.

"ಅಲ್ಲಾ ಕಣಪ್ಪಾ, ಅಷ್ಟೆತ್ರಕ್ಕಾ?"

"ನಮ್ಮನೆ ಅಂದ್ಮೇಲೆ ನಿಮ್ಮೆಲ್ಲರಿಗಿಂತ ಒಂದು ಕೈ ಮೇಲೇ ಇರ್ಬೇಕು ಅಜ್ಜಿ!"

"ನಿಂಗೆ ಸರ್ಯಾಗಿ ಗೊತ್ತಾ?"

"ನನಗೆ ಗೊತ್ತಿಲ್ಲದ್ದು ಏನಿದೆ!"

"ಆಗ್ಲಿ ಬುಡು. ಓದ್ಕಂಡೋನು, ಕೇಳಿ ತಿಳ್ಕಂಡಿರ್ತೀಯ," ಎಂದು ಅಜ್ಜಿ ಮತ್ತೆ ಹುರುಳಿ ಕೇರತೊಡಗಿತು.

ಸೋಮವಾರ ಸಾಹೇಬರು ಬಂದರು. ಅಷ್ಟು ಹೊತ್ತಿಗೆ ಕೋಡಿ ಬಿದ್ದ ಸದ್ದು ನಮ್ಮ ಹಿತ್ತಲಿಗೇ ಕೇಳುತ್ತಿತ್ತು. ಸಾಹೇಬರಿಗೆಂದು ತಂದ ಮಜ್ಜಿಗೆಯನ್ನು ನಾನೇ ಕುಡಿದುಬಿಟ್ಟೆ.

"ಈಗ ಏರಿ ಒಡೆದು ನಿಮ್ಮ ಮನೆ ಬಿತ್ತು ಅಂತ ಇಟ್ಕೊಳ್ಳಿ," ಎಂದು ಸಾಹೇಬರು ಶುರುಮಾಡಿದರು.

"ಬುಡ್ತು ಅನ್ನಿ ಸಾಹೇಬ್ರೇ!" ಎಂದು ಶಿವರುದ್ರಮ್ಮ ಅಡುಗೆಮನೆಯಿಂದಲೇ ಕೂಗಿದಳು.

"ಬಿಡ್ತು ತಾಯಿ, ಬಿಡ್ತು. ಅಕಸ್ಮಾತ್ ನೀವಿಬ್ರೂ ಒಳಗೆ..."

"ಬುಡ್ತು ಅನ್ನಿ!"

"ಬಿಡ್ತು!"

ಹೀಗೆ ಒಂದೊಂದು ಪ್ರಶ್ನೆಗೂ ಒಂದೊಂದು 'ಬಿಡ್ತು' ಹೇಳಿ ಪಾಪ, ಸಾಹೇಬರು ಬೆವತುಹೋದರು. ಆಗ ಶಿವರುದ್ರಮ್ಮನೇ ಹೊರಗೆ ಬಂದು ಕೇಳಿದಳು: "ಮಣ್ಗೋಡೆ ನೀರು ನಿಂತಾಗ ಬೀಳಲ್ಲ, ಇಳಿದ ಮ್ಯಾಲೆ ಕುಸಿಯೋದು. ಆಗ ಬಿದ್ರೂ ಕೊಟ್ಟೀರಾ?"

ಸಾಹೇಬರು ಕಣ್ಣರಳಿಸಿದರು. "ನೆರೆಯಿಂದಲೇ ನೆನೆದದ್ದು ಅಂತ ಕಂಡ್ರೆ ಕೊಡ್ತೀವಿ ತಾಯಿ. ಮೈಸೂರಲ್ಲೂ ಯಾರೂ ಇದನ್ನ ಕೇಳಿಲ್ಲ!"

ನನ್ನ ಹೆಂಡತಿಯೆಂದರೆ ಸುಮ್ಮನೆಯೇ! ನಾನು ಹಿಗ್ಗಿದೆ. ಗೋಡೆಗೂ ಸಾಮಾನಿಗೂ ನೆರೆ ಸೇರಿಸುವುದೆಂದಾಯಿತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಕಡೇ ಪ್ರಶ್ನೆ. ಈ ಬೀದಿಗೆ ಹಿಂದೆ ನೀರು ಬಂದಿತ್ತಾ?"

"ಇಲ್ಲಿಗಾ? ಒಂದು ತೊಟ್ಟೂ ಇಲ್ಲ!" ಎಂದೆ. ನನಗೆ ಯಾರೂ ಹೇಳಿರಲಿಲ್ಲ, ನಾನು ಯಾರನ್ನೂ ಕೇಳಿರಲಿಲ್ಲ. ನೀರು ಬಂದಿದ್ದರೆ ಯಾರಾದರೂ ಹೇಳದೆ ಇರುತ್ತಿದ್ದರೇ?

"ನೀವು ಹೊಸಬರು. ಹಳಬರನ್ನ ಕೇಳೋದು ನಮ್ಮ ಪದ್ಧತಿ," ಎಂದು ಸಾಹೇಬರು ಪಕ್ಕದ ಜಗಲಿಗೆ ಹೋಗಿ ಕೈಮುಗಿದರು. ಶಿವರುದ್ರಮ್ಮ ನನ್ನತ್ತ ನೋಡಿದಳು. ನಾನು ಏರಿಯತ್ತ ನೋಡಿದೆ.

"ಅಜ್ಜೀ, ಕೇಳೋಕೆ ಸಂಕೋಚ. ತಪ್ಪು ತಿಳೀಬೇಡಿ. ಯಾವಾಗಾದ್ರೂ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿತ್ತಾ? ಎಲ್ಲೀವರೆಗೆ ನಿಂತಿತ್ತು?"

ಅಜ್ಜಿ ಮೊರ ಕೆಳಗಿಟ್ಟಿತು. "ಕಣ್ಣು ಕಾಣಕಿಲ್ವಾ ಸಾಮಿ? ನೀರಿನ ಕರೆ ಎಷ್ಟು ಸುಣ್ಣ ಒಡುದ್ರೂ ಓಗ್ನಿಲ್ಲ ಅಂತ ಕೆಮ್ಮಣ್ಣು ಬಳ್ದಿಲ್ವಾ, ಅಲ್ಲಿಗಂಟ! ನಮ್ಮೆಲ್ಲಾರ್ ಮನೇಗೂ ಎದೆಗಂಟ ಬಂದಿತ್ತು. ಈವಪ್ಪನ ಮನೇಗೆ ಮಾತ್ರ ಕತ್ತುಗಂಟ ಬಂದಿತ್ತಂತೆ. ನಿನ್ನೆ ತಾನೇ ಕೈಯಾರ ಬಳ್ಕಂಡವ್ನೆ, ಅವನ್ನೇ ಕೇಳಿ!"