ಖಾಲಿ ಕೆರೆಗೆ ಗಾಳ ಹಾಕಿದ ತೊಡಕಿನ ದಿನ

ಮೊದಲೇ ಹೇಳಿಬಿಡುತ್ತೇನೆ: ನನ್ನ ಯೋಜನೆಯಲ್ಲಿ ಯಾವ ಲೋಪವೂ ಇರಲಿಲ್ಲ. ಯುಗಾದಿಯ ಮಾರನೇ ದಿನ, ಅಂದರೆ ಮನೆಮನೆಯಲ್ಲೂ ಬಾಡೂಟ ನಡೆಯುವ ವರ್ಷದ ತೊಡಕಿನ ದಿನ, ಬೆಳಿಗ್ಗೆ ಏಳಕ್ಕೆ ನಾಗಮಂಗಲ ಬಿಡುವುದು. ದಾರಿಯಲ್ಲಿ ಒಂದು ಕೆರೆ ನೋಡಿ ಗಾಡಿ ನಿಲ್ಲಿಸುವುದು. ಒಂದೇ ಗಂಟೆಯಲ್ಲಿ ಎರಡು ಕಾಟ್ಲಾ ಮೀನು ಹಿಡಿಯುವುದು. ಹನ್ನೊಂದಕ್ಕೆ ಶ್ರೀರಂಗಪಟ್ಟಣದ ಕಡೆ ಇರುವ ಬಾಮೈದ ನಿಂಗೇಗೌಡನ ಮನೆ ಮುಟ್ಟುವುದು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯನಿಗೆ ಇದೂ ಒಂದು ಕಷ್ಟವೇ!

ಗಾಡಿಯ ವಿಚಾರವನ್ನೂ ಹೇಳಬೇಕು. ನಿವೃತ್ತನಾದ ಮೇಲೆ ಹಳೆಯ ಸ್ಕೂಲ್ ವ್ಯಾನೊಂದನ್ನು ತಂದು, ಸೀಟೆಲ್ಲ ಕಿತ್ತು, ತೆಂಗಿನ ನಾರಿನ ಹಾಸಿಗೆ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ಒಂದು ಫ್ಯಾನು, ಕಿಟಕಿಗೆ ಸರೋಜಳ ಹಳೇ ಸೀರೆಯ ಪರದೆ, ಎಲ್ಲ ಹಾಕಿ ಚಕ್ರದ ಮೇಲೊಂದು ಮನೆ ಕಟ್ಟಿದ್ದೆ. ವೈರಿಂಗ್ ನನ್ನದೇ. ಫ್ಯಾನು ಮತ್ತು ಬಣ್ಣದ ದೀಪದ ಸರಗಳನ್ನು ನೇರವಾಗಿ ಗಾಡಿಯ ಬ್ಯಾಟರಿಗೇ ಕೊಟ್ಟಿದ್ದೆ. ಎಲೆಕ್ಟ್ರಿಷಿಯನ್ ಒಬ್ಬ ಬಂದು ನೋಡಿ ತಲೆ ಕೊಡವಿದ. ಅವನಿಗೆ ಹೊಟ್ಟೆಕಿಚ್ಚು ಎಂದು ನಾನು ತಿಳಿದೆ.

ಅವತ್ತಿನ ಪಯಣ ಮಾತ್ರ ಮೋಜಿನದಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಿಂಗೇಗೌಡನ ಮಗಳ ಬೀಗರೂಟದಲ್ಲಿ ನನ್ನ ಎಲೆಗೆ ಬರೀ ಸಾರು ಬಿತ್ತು, ಬಾಡಿನ ತುಂಡು ಬೀಳಲಿಲ್ಲ. ಬಡಿಸುವವನಿಗೆ ನನ್ನ ಗುರುತಿರಲಿಲ್ಲ, ತಪ್ಪೆಲ್ಲಾ ಅವನ ಸೌಟಿನದು. ನಾನು ಮಾತ್ರ ನಾನೂರು ಜನರ ಮುಂದೆ ಎಲೆ ಬಿಟ್ಟು ಎದ್ದೆ! ನಮ್ಮ ಕಡೆ ಉಣ್ಣುವ ಎಲೆ ಬಿಟ್ಟು ಎದ್ದರೆ ಆ ಮನೆಯನ್ನೇ ಬಿಟ್ಟ ಹಾಗೆ. ಅವತ್ತಿನಿಂದ ನನ್ನ ಹೆಂಡತಿ ಸರೋಜ ತವರಿನ ಹೊಸ್ತಿಲು ತುಳಿದಿರಲಿಲ್ಲ. ಬಡಿಸಿದವನಿಗಲ್ಲ, ತಿನ್ನದೆ ಎದ್ದವನಿಗೂ ಅಲ್ಲ, ಶಿಕ್ಷೆ ಅವಳಿಗೆ.

ಈ ವರ್ಷ ನಿಂಗೇಗೌಡನೇ ಫೋನು ಮಾಡಿದ. "ಭಾವ, ಆಗಿದ್ದು ಆಗೋಯ್ತು. ತೊಡಕಿಗೆ ಅಕ್ಕನ್ನ ಕರ್ಕಂಡು ಬಂದ್ಬುಡಿ. ನೀವು ಬರೋಗಂಟ ಎಲೆ ಆಕುಸಕಿಲ್ಲ."

ಸರೋಜ ಮೂರು ದಿನ ನಿದ್ದೆ ಮಾಡಲಿಲ್ಲ. "ನಾನೊಬ್ಳೇ ವೋದ್ರೆ, ಗಂಡ ಇನ್ನೂ ಮುನಿಸ್ಕಂಡವ್ನೆ ಅಂತಾರೆ ಕಣ್ರೀ. ಇಬ್ರೂ ವೋಗಿ ಒಂದೇ ಪಂಕ್ತೀಲಿ ಕೂತು ಉಂಡ್ಬುಟ್ರೆ ಮುಗೀತು. ತೊಡಕಿನ ದಿನ ಎಂಗಿರ್ತೀವೋ ವರ್ಸವೆಲ್ಲಾ ಅಂಗೇ," ಅಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಹೊತ್ತಿಗೆ ಸರಿಯಾಗಿ ಒಂದು ಊಟ.

ನನಗೆ ಅಷ್ಟು ಸಾಲಲಿಲ್ಲ. ಬೀಗರೂಟದಲ್ಲಿ ತುಂಡಿಗಾಗಿ ಎದ್ದವನು ಈಗ ಕೈ ಬೀಸಿಕೊಂಡು ಹೋಗಿ ಅವನ ಬಾಡೂಟಕ್ಕೆ ಕೂರುವುದೇ? ಮಾನ ಮರ್ಯಾದೆಯ ಪ್ರಶ್ನೆ! ನಾನೇ ಹಿಡಿದ ಮೀನು ಒಯ್ದು ಅವರ ಅಡುಗೆಮನೆಯಲ್ಲಿ ಇಳಿಸಿದರೆ, ಉಣ್ಣಲು ಬಂದವನಲ್ಲ, ಉಣಿಸಲು ಬಂದವನು ಎಂದಾಗುತ್ತದೆ. ಇಂಥ ಉನ್ನತ ವಿಚಾರಗಳು ನನಗೆ ಸಾಮಾನ್ಯವಾಗಿ ಸ್ನಾನದ ಮನೆಯಲ್ಲಿ ಹೊಳೆಯುತ್ತವೆ.

ಹೊಣಕೆರೆ ದಾಟಿದೆವು. ತೊಣ್ಣೂರು ಕೆರೆಗೇ ಹೋಗೋಣ ಎಂದುಕೊಂಡಿದ್ದೆ, ಆದರೆ ಹಬ್ಬದ ರಜೆಗೆ ಬಂದ ಕಾರುಗಳು ಅಲ್ಲಿ ಸಾಲುಗಟ್ಟಿರುತ್ತವೆ. ಅದಕ್ಕೇ ಅದಕ್ಕಿಂತ ಮೊದಲೇ ಸಿಕ್ಕ ಒಂದು ಸಣ್ಣ ಕೆರೆಯ ಏರಿ ಮೇಲೆ ಗಾಡಿ ಹತ್ತಿಸಿದೆ. ಒಂದು ನರಪಿಳ್ಳೆಯೂ ಇರಲಿಲ್ಲ. ತೊಡಕಿನ ದಿನ ಮೀನಿರುವ ಕೆರೆಯ ಮೇಲೆ ಜನವೇ ಇಲ್ಲ ಅಂದರೆ ಏನರ್ಥ ಎಂದು ಈ ತಾಲ್ಲೂಕಿನಲ್ಲಿ ಹುಟ್ಟಿದ ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು, ಪೈಪೋಟಿಯಿಲ್ಲ ಎಂದು!

ಎರೆಹುಳು ಸಿಕ್ಕಿಸಿ ಗಾಳ ಹಾಕಿದೆ. ಬೆಂಡು ನೀರ ಮೇಲೆ ನಿಂತಿತು. ನಿಂತೇ ಇತ್ತು.

ಎಂಟಾಯಿತು, ಒಂಬತ್ತಾಯಿತು. ಹುಳ ಬದಲಿಸಿದೆ. ರಾಗಿ ಹಿಟ್ಟಿನ ಉಂಡೆ ಹಾಕಿದೆ. ಹಬ್ಬದ ಒಬ್ಬಟ್ಟಿನ ಚೂರನ್ನೂ ಹಾಕಿದೆ. ಹತ್ತೂವರೆಗೆ ಬೆಂಡು ಅಲ್ಲಾಡಿತು! ಎಳೆದೆ. ಹೆಬ್ಬೆರಳುದ್ದದ ಒಂದು ಜಿಲೇಬಿ ಮೀನಿನ ಮರಿ. ಅದನ್ನು ನೀರಿಗೆ ಬಿಟ್ಟು, ಇದು ಬಂದಿದೆ ಅಂದರೆ ಇದರ ಅಪ್ಪನೂ ಬಂದೇ ಬರುತ್ತಾನೆ ಎಂದು ಘೋಷಿಸಿದೆ.

ಸರೋಜ ಹೊಸ ಸೀರೆ ಉಟ್ಟು, ಮುಡಿದ ಹೂ ಬಾಡುತ್ತಿದ್ದರೂ ಫ್ಯಾನಿನ ಕೆಳಗೆ ಕಾದು ಕೂತಿದ್ದಳು. ಹನ್ನೊಂದಕ್ಕೆ ಬಾಗಿಲಲ್ಲಿ ನಿಂತಳು. "ರೀ, ಒರ್ಡೋಣ್ವಾ?"

"ಹತ್ತೇ ನಿಮಿಷ."

ಹನ್ನೆರಡಕ್ಕೂ ಹತ್ತೇ ನಿಮಿಷ ಅಂದೆ. ಒಂದಕ್ಕೂ ಅಂದೆ. ಆಮೇಲೆ ಅವಳು ಬಾಗಿಲಿಗೆ ಬರಲಿಲ್ಲ. ಒಳಗಿನಿಂದಲೇ ಮಾತಾಡಿದಳು, ಜೋರಾಗೂ ಅಲ್ಲ. "ಮೂವತ್ತೊಂದು ವರ್ಸ ಊರೋರ ಹೆಣ್ಮಕ್ಳನ್ನೆಲ್ಲ ಟೇಮಿಗೆ ಸರ್ಯಾಗಿ ಅವ್ರವ್ರ ತವರಿಗೆ ಬುಟ್ರಿ. ನನ್ನೊಬ್ಳನ್ನ ಬುಡಕ್ಕೆ ಆಗ್ನಿಲ್ವಾ ನಿಮ್ಗೆ?"

ಆ ಮಾತು ಎದೆಗೆ ನಾಟಿತು. ನಾಟಿದ ಮೇಲೂ ಗಾಳ ಎತ್ತದೆ ಕೂತೆ. ಅಷ್ಟು ಹೊತ್ತು ಕಾದವನು ಬರಿಗೈಲಿ ಎದ್ದರೆ ಕಾದದ್ದೂ ದಂಡವಲ್ಲವೇ? ಜಗತ್ತಿನ ಸಕಲ ಮೂರ್ಖರ ತರ್ಕವೂ ಇದೇ ಇರಬೇಕು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ನಿಂಗೇಗೌಡ. ಸರೋಜ ಎತ್ತಿ, "ಗಾಡಿ ಕೆಟ್ಟೋಗದೆ ಕಣ್ಲಾ ನಿಂಗ. ನಿನ್ ಭಾವ ಪಾಪ ಬೆಳಿಗ್ಗಿಂದ ಒದ್ದಾಡ್ತಾವ್ರೆ. ಸರಿ ಓಯ್ತಿದ್ದಂಗೇ ಬಂದ್ಬುಡ್ತೀವಿ," ಅಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಸುಳ್ಳು ಹೇಳಿದ್ದು ನಾನು ಕೇಳಿರಲಿಲ್ಲ. ಹೇಳಿದ್ದು ನನ್ನ ಮಾನ ಉಳಿಸಲು. ನನಗೆ ಮಾತ್ರ ಸಿಟ್ಟು ಬಂತು: ನನ್ನ ಕೈಯಾರೆ ಮಾಡಿದ ಗಾಡಿ ಕೆಟ್ಟಿದೆ ಅನ್ನುವುದೇ!

ನಾಲ್ಕರ ಹೊತ್ತಿಗೆ ಮೀನುಗಾರನೊಬ್ಬ ತೆಪ್ಪ ತಳ್ಳಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದ.

"ಏನ್ ಸಾಮಿ, ಯಾರಿಗ್ ಕಾಯ್ತಾ ಇದ್ದೀರಿ?"

"ಮೀನಿಗೆ."

"ಯಾವ್ ಮೀನ್ಗೆ? ತೊಡಕಿನ ಯಾಪಾರಕ್ಕೆ ಅಂತ ಮೊನ್ನೆಯಿಂದ ಬಲೆ ಎಳ್ದು ಇವತ್ತು ಕೋಳಿ ಕೂಗೋ ಒತ್ಗೆ ಕೆರೆನೇ ಖಾಲಿ ಮಾಡ್ಬುಟ್ವಲ್ಲ ಸಾಮಿ! ನೀವು ಗಾಳ ಇಡ್ಕಂಡ್ ಕೂತಿರೋದ ಆ ದಡದಿಂದ ನೋಡ್ತಾನೆ ಇದ್ದೋ. ಯಾರೋ ಬೆಂಗ್ಳೂರೋರು ಅನ್ಕಂಡೋ."

ಬೆಂಗಳೂರಿನವನು! ಅದಕ್ಕಿಂತ ಕೆರೆಗೆ ನೂಕಿದ್ದರೆ ವಾಸಿಯಿತ್ತು. ಬೇಡಿಕೊಂಡ ಮೇಲೆ ಅವನು ತನ್ನ ಬೀಗರಿಗೆಂದು ಥರ್ಮೋಕೋಲ್ ಡಬ್ಬದಲ್ಲಿಟ್ಟಿದ್ದ ಎರಡು ಕಾಟ್ಲಾ ಕೊಟ್ಟ. ಗಾಡಿ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಪಾಂಡವಪುರ ದಾಟಿದ ಮೇಲೆ ಸರೋಜ ಇಷ್ಟೇ ಅಂದಳು: "ಅಲ್ಲಿ ಏನೂ ಮಾತಾಡ್ಬೇಡಿ. ಗಾಡಿ ಕೆಟ್ಟಿತ್ತು ಅಷ್ಟೇ. ನಿಮ್ ದಮ್ಮಯ್ಯ."

ಐದೂವರೆಗೆ ತಲುಪಿದೆವು. ನೆಂಟರೆಲ್ಲ ನೋಡಲಿ ಎಂದು ಗಾಡಿ ನಿಲ್ಲಿಸಿದ ಕೂಡಲೇ ಬಣ್ಣದ ದೀಪಗಳನ್ನೆಲ್ಲ ಹಾಕಿದೆ. ಫ್ಯಾನೂ ತಿರುಗುತ್ತಲೇ ಇತ್ತು. ಊಟ ಮುಗಿದು ಪಡಸಾಲೆ ಸಾರಿಸಿಯಾಗಿತ್ತು. ಜಗಲಿಯ ಮೇಲೆ ಕೂತಿದ್ದ ನಾಲ್ಕೈದು ಜನ ನೆಂಟರ ನಡುವಿನಿಂದ ನಿಂಗೇಗೌಡ ಎದ್ದು ಬಂದು ನನ್ನ ಕೈ ಹಿಡಿದ. ನಿಜ ಹೇಳುತ್ತೇನೆ, ಪ್ರೀತಿಯಿಂದಲೇ ಹಿಡಿದ.

"ಅಬ್ಬದ್ ದಿನ ಗಾಡಿ ಕೆಟ್ಟೋಯ್ತಲ್ಲಾ ಭಾವ! ರಿಪೇರಿಯೋರು ಯಾರಾದ್ರೂ ಸಿಕ್ಕಿದ್ರಾ?"

ಹೂಂ ಅಂದಿದ್ದರೆ ಸಾಕಿತ್ತು. ಒಂದೇ ಒಂದು ಹೂಂ! ಸರೋಜ ನನ್ನ ಮುಖವನ್ನೇ ನೋಡುತ್ತಿದ್ದಳು. ಆದರೆ ಜಗಲಿಯ ಮೇಲಿದ್ದ ಒಬ್ಬ ಮುದುಕ ಗಾಡಿ ನೋಡಿ, "ಇಂಗೆಲ್ಲ ದೀಪ ಕಟ್ಟುದ್ರೆ ಕೆಡ್ದೆ ಇನ್ನೇನು," ಅಂದುಬಿಟ್ಟ.

"ಯಾರಯ್ಯಾ ಕೆಟ್ಟಿದೆ ಅಂದೋರು?" ಅಂದೆ. "ನನ್ನ ಗಾಡಿ ಕೆಡೋದಾ? ಬೆಳಿಗ್ಗಿಂದ ಕೆರೆ ಮೇಲೆ ಕೂತು ನಿಮಗೋಸ್ಕರ ಮೀನು ಹಿಡ್ದೆ ಕಣಯ್ಯಾ! ನಾನೇ ಹಿಡಿದದ್ದು!" ಎಂದು ಮೀನಿನ ಚೀಲ ಎತ್ತಿ ಕೊಟ್ಟೆ.

ನಿಂಗೇಗೌಡ ಚೀಲದಿಂದ ಮೀನು ತೆಗೆದ. ಕಿವಿರು ಎತ್ತಿ ನೋಡಿದ. ಒಳಗಿಂದ ಮಂಜುಗಡ್ಡೆಯ ಒಂದು ಚೂರು ಟಣ್ ಎಂದು ಜಗಲಿ ಕಲ್ಲಿನ ಮೇಲೆ ಬಿತ್ತು.

"ಕೆರೇಲಿ ಐಸ್ ಕಟ್ಟಿತ್ತಾ ಭಾವ?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಿಂಗೇಗೌಡ ನಗಲಿಲ್ಲ. "ಪಾಪ ಗಾಡಿ ಕೆಟ್ಟದೆ, ಪಾಪ ಗಾಡಿ ಕೆಟ್ಟದೆ ಅಂತ ಎಲ್ಲಾರ್ಗೂ ಏಳ್ಕಂಡು ಮೂರ್ಗಂಟೆಗಂಟ ಒಬ್ಬರ್ಗೂ ಎಲೆ ಆಕುಸ್ನಿಲ್ಲ ಭಾವ. ನಾನಿನ್ನೂ ಉಂಡಿಲ್ಲ," ಅಂದ. ಅಕ್ಕನ ಕಡೆ ಒಮ್ಮೆ ನೋಡಿದ. ಅವಳು ತಲೆ ಬಗ್ಗಿಸಿದಳು. "ಡೈರಿಗೆ ಆಲು ಕರೆಯೋ ಒತ್ತಾಯ್ತು," ಎಂದು ಕೊಟ್ಟಿಗೆ ಕಡೆ ನಡೆದುಬಿಟ್ಟ.

ನಮಗೆ ಎಲೆ ಹಾಕಿದರು. ತುಂಡು ಬೇಕಾದಷ್ಟು ಬಿತ್ತು. ಪಂಕ್ತಿಯಲ್ಲಿ ಇದ್ದವರು ಮಾತ್ರ ನಾವಿಬ್ಬರೇ. ಸರೋಜ ಎಲೆಯನ್ನು ನೋಡುತ್ತಾ ಕೂತಿದ್ದಳು, ನಾನು ಉಂಡೆ. ಉಣ್ಣುವಾಗ ನನಗೆ ನಾಚಿಕೆಯಾಗಲಿಲ್ಲ ಅನ್ನುವುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಹೊರಡಲು ಬಂದು ಕೀ ತಿರುಗಿಸಿದೆ. ಟಿಕ್ ಅಂತು. ಇನ್ನೊಮ್ಮೆ ತಿರುಗಿಸಿದೆ. ಟಿಕ್ ಅನ್ನಲೂ ಇಲ್ಲ. ದೀಪ, ಫ್ಯಾನು ಸೇರಿ ಬ್ಯಾಟರಿ ಕುಡಿದು ಮುಗಿಸಿದ್ದವು. ಗಾಡಿ ಈಗ ನಿಜವಾಗಿ ಕೆಟ್ಟಿತ್ತು!

"ಕೆಟ್ಟೋಗದೆ ಕಣೋ," ಅಂದೆ. ಯಾರೂ ನಂಬಲಿಲ್ಲ. ಜಗಲಿಯ ಮುದುಕ, "ಈಗ ಬಾವೀಲಿ ಗಾಳ ಆಕ್ತಾನೇನೋ," ಅಂದ.

ಕೊನೆಗೆ ನಿಂಗೇಗೌಡನೇ ಹಾಲಿನ ಕ್ಯಾನು ಇಳಿಸಿ ಬಂದು, ಗಾಡಿಯ ಹಿಂದೆ ಕೈ ಕೊಟ್ಟ. ಇನ್ನಿಬ್ಬರು ಸೇರಿಕೊಂಡರು. ಕನ್ನಡಿಯಲ್ಲಿ ನೋಡಿದರೆ ಸರೋಜಳೂ ಸೆರಗು ಸಿಕ್ಕಿಸಿಕೊಂಡು ತಳ್ಳುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ತಳ್ಳುತ್ತಿದ್ದವಳು ಅವಳೇ ಎಂದು ನನಗನ್ನಿಸಿತು.

ಇಳಿಜಾರಿನಲ್ಲಿ ಇಂಜಿನ್ನು ಹತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಆರಿಹೋಗುತ್ತದೆ. ನಿಲ್ಲಿಸದಿದ್ದರೆ ಅವಳು ಹತ್ತುವುದು ಹೇಗೆ? ಕಿಟಕಿಯಿಂದ ತಲೆ ಹೊರಹಾಕಿ, "ಓಡಿ ಬಾರೇ! ಹತ್ತೇ!" ಎಂದು ಕೂಗಿದೆ. ಅವಳು ಓಡಲಿಲ್ಲ. ಕೈಯ ಧೂಳು ಕೊಡವಿಕೊಂಡು ತಮ್ಮನ ಪಕ್ಕ ನಿಂತಳು. ನಾನು ತಿರುವು ದಾಟುವ ಮೊದಲೇ ಇಬ್ಬರೂ ಒಳಗೆ ಹೋದರು.

ಇದಾಗಿ ಹನ್ನೊಂದು ದಿನ. ದಿನಾ ಅವಳಿಗೆ ಫೋನು ಮಾಡುತ್ತೇನೆ. ನಿಂಗೇಗೌಡ ಎತ್ತುತ್ತಾನೆ. "ಅಕ್ಕ ಇಲ್ಲೇ ಅವ್ಳೆ, ಚೆನ್ನಾಗವ್ಳೆ. ಗಾಡಿ ರಿಪೇರಿ ಆಯ್ತಾ ಭಾವ? ಆದ್ರೆ ಬಂದು ಕರ್ಕಂಡೋಗಿ," ಅನ್ನುತ್ತಾನೆ.

ಗಾಡಿ ಮಾರನೇ ದಿನವೇ ಸರಿಹೋಗಿದೆ. ಅವತ್ತು ಜಗಲಿಯ ಮುಂದೆ ಆಡಬೇಕಿದ್ದ ಸುಳ್ಳು ಈಗ ಬಾಯಿಗೆ ಬರುತ್ತದೆ. "ಇಲ್ಲ ಕಣಯ್ಯಾ, ಇನ್ನೂ ಕೆಟ್ಟೇ ಇದೆ," ಅನ್ನುತ್ತೇನೆ.